ಕಳಿಸಿದ್ದು ಮೂರು, ಬಂದಿದ್ದು ಒಂದು: ಅಟ್ಯಾಚ್‌ಮೆಂಟ್ ಜೊತೆ ನನ್ನ ಅನುಭವ

"ಮೂರು ಫೈಲ್ ಲಗತ್ತಿಸಿದ್ದೇನೆ, ಇವತ್ತೇ ನೋಡಿಬಿಡಿ" ಎಂದು ಸಹೋದ್ಯೋಗಿಯೊಬ್ಬರು ಮೇಲ್ ಕಳಿಸಿದ್ದರು. ನನಗೆ ಕಂಡಿದ್ದು ಒಂದೇ ಫೈಲ್: ವಿನ್‌ಮೇಲ್ ಡಾಟ್ ಡ್ಯಾಟ್. ಯಾವುದರಲ್ಲೂ ತೆರೆಯಲಿಲ್ಲ. ಹೆಸರಿನ ಕೊನೆಗೆ ಪಿಡಿಎಫ್ ಅಂತ ಸೇರಿಸಿ ನೋಡಿದೆ, ಆಗಲಿಲ್ಲ. ಇನ್ನೊಮ್ಮೆ ಕಳಿಸಿ ಅಂದೆ, ಮತ್ತೆ ಅದೇ ಬಂತು. ಅವರ ಸೆಂಟ್ ಫೋಲ್ಡರಿನಲ್ಲಿ ಮೂರೂ ಸರಿಯಾಗಿಯೇ ಇದ್ದವು. ತೊಂದರೆ ನನ್ನ ಕಂಪ್ಯೂಟರಿನದು ಅಂತ ಅವರಿಗೆ ಅನ್ನಿಸಿದ್ದು ಸಹಜ.

ಕೊನೆಗೆ ಮೇಲ್‌ನ ಸೋರ್ಸ್, ಅಂದರೆ ಅದರ ಮೂಲ ಪಠ್ಯ, ತೆರೆದೆ. ಇದನ್ನು ಮೊದಲೇ ಮಾಡಬೇಕಿತ್ತು. ಒಳಗಿರುವುದು ಯಾವ ಬಗೆಯದು ಎಂದು ಹೇಳುವ ಕಂಟೆಂಟ್-ಟೈಪ್ ಸಾಲಿನಲ್ಲಿ 'ಎಂಎಸ್-ಟಿಎನ್‌ಇಎಫ್' ಎಂದಿತ್ತು. ವಿಷಯ ಅಲ್ಲೇ ಗೊತ್ತಾಯಿತು. ಮೇಲ್‌ಗೆ ಫೈಲ್ ಲಗತ್ತಿಸಲು ಸಾಮಾನ್ಯವಾಗಿ ಬಳಸುವ, 1992ರಲ್ಲಿ ಬಂದ ಮೈಮ್ ಪದ್ಧತಿಯಲ್ಲಿ ಪ್ರತಿ ಫೈಲೂ ಮೇಲ್‌ನ ಒಂದೊಂದು ಭಾಗವಾಗಿ ಬೇರೆಬೇರೆ ನಿಲ್ಲುತ್ತದೆ. ಟಿಎನ್‌ಇಎಫ್ ಎಂಬ ಮೈಕ್ರೋಸಾಫ್ಟ್ ಔಟ್‌ಲುಕ್‌ನ ಪದ್ಧತಿ ಹಾಗಲ್ಲ, ಅದರ ರಿಚ್ ಟೆಕ್ಸ್ಟ್ ರೂಪದಲ್ಲಿ ಬರೆದ ಮೇಲ್‌ನ ಅಕ್ಷರವಿನ್ಯಾಸ, ಲಗತ್ತು ಎಲ್ಲವನ್ನೂ ಒಂದೇ ಗಂಟು ಕಟ್ಟಿಬಿಡುತ್ತದೆ. ಆ ಗಂಟು ಬಿಚ್ಚಲು ಬಾರದ ಅಪ್ಲಿಕೇಶನ್ ಅದನ್ನು ಇಡಿಯಾಗಿ ನಮ್ಮ ಮುಂದಿಡುತ್ತದೆ.

ಅಂದರೆ ಫೈಲ್‌ಗಳು ಕಳೆದಿರಲಿಲ್ಲ. ಲಿನಕ್ಸ್‌ನಲ್ಲಿ 'ಟಿಎನ್‌ಇಎಫ್' ಹೆಸರಿನದೇ ಒಂದು ಪುಟ್ಟ ಸಾಧನವಿದೆ. ಅದಕ್ಕೆ ಕೊಟ್ಟ ತಕ್ಷಣ ಮೂರೂ ಹೊರಬಂದವು, ಹೆಸರಿನ ಸಮೇತ. ಆನ್‌ಲೈನ್‌ನಲ್ಲಿ ಬಿಚ್ಚಿಕೊಡುವ ತಾಣಗಳೂ ಇವೆ, ಆದರೆ ಇನ್ನೊಬ್ಬರ ದಾಖಲೆಯನ್ನು ಅಲ್ಲಿಗೆ ಏರಿಸಲು ನನಗೆ ಮನಸ್ಸು ಬರಲಿಲ್ಲ.

ಮತ್ತೆ ಹೀಗಾಗದಿರಲಿ ಎಂದು ಅವರ ಕಡೆ ಮೇಲ್ ಬರೆಯುವ ರೂಪವನ್ನು ರಿಚ್ ಟೆಕ್ಸ್ಟ್‌ನಿಂದ ಎಚ್‌ಟಿಎಂಎಲ್‌ಗೆ ಬದಲಿಸಿದೆವು. ಆದರೂ ಗಂಟೇ ಬಂತು! ಹುಡುಕಿದಾಗ, ಅವರ ಕಾಂಟ್ಯಾಕ್ಟ್‌ನಲ್ಲಿ ನನ್ನ ವಿಳಾಸಕ್ಕೆ ಮಾತ್ರ ರಿಚ್ ಟೆಕ್ಸ್ಟ್ ಎಂದು ಪ್ರತ್ಯೇಕವಾಗಿ ನಿಗದಿಯಾಗಿತ್ತು. ಅದನ್ನು ತೆಗೆದ ಮೇಲೆಯೇ ಸರಿಹೋಯಿತು. ಒಬ್ಬರಿಗೆ ಮಾತ್ರ ಹೀಗೆ ಬರುತ್ತಿದೆ ಎಂದರೆ ನಾನು ಈಗ ಮೊದಲು ನೋಡುವುದೇ ಈ ಜಾಗ.

ಇನ್ನೊಂದು ಕಾಟ ಕನ್ನಡದ ಫೈಲ್ ಹೆಸರಿನದು. 'ವರದಿ' ಎಂದು ಹೆಸರಿಟ್ಟರೆ, ಗುಣಿತದ ಚಿಹ್ನೆಯೂ ಸೇರಿ ನಾಲ್ಕು ಸಂಕೇತ, ಯುಟಿಎಫ್-8 ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್. ಮೇಲ್‌ನಲ್ಲಿ ಸಾಗಿಸಲು ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆಯೊಡನೆ 3 ಅಕ್ಷರವಾಗಿ ಬರೆದರೆ ಒಟ್ಟು 36 ಅಕ್ಷರ. ಕೆಲವು ಅಪ್ಲಿಕೇಶನ್‌ಗಳು ಈ ರೀತಿ ಬರೆದರೆ, ಕೆಲವು ಇನ್ನೊಂದು ರೀತಿ. ಪರಸ್ಪರ ಅರ್ಥವಾಗದಿದ್ದರೆ ಹೆಸರು ಕಲಸಿಹೋಗುತ್ತದೆ, ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಪಿಡಿಎಫ್‌ನಂಥ ಭಾಗ) ಹೋದರಂತೂ ಫೈಲ್ ತೆರೆಯುವುದೇ ಕಷ್ಟ. ಕನ್ನಡದ ಹೆಸರು ಬಿಡುವುದು ನನಗೆ ಬೇಸರದ ಸಂಗತಿ. ಹಾಗಾಗಿ ಜಿಪ್ ಮಾಡಿ, ಹೊರಗಿನ ಜಿಪ್‌ಗೆ ಮಾತ್ರ ಇಂಗ್ಲಿಷ್ ಹೆಸರು ಕೊಡುತ್ತೇನೆ. ಒಳಗೆ ಎಷ್ಟು ಫೈಲ್, ಯಾವ ಯಾವ ಹೆಸರು ಎಂಬುದನ್ನು ಮೇಲ್‌ನಲ್ಲೇ ಕನ್ನಡದಲ್ಲಿ ಬರೆದಿರುತ್ತೇನೆ.