ತಪಸಿ ಮರ ಬಿತ್ತೇ? ಸೌದೆ ಮಾಡಬೇಡಿ, ಮಣೆ ಮಾಡಿ

ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಮರ ಉರುಳುವುದು ನಮ್ಮಲ್ಲಿ ಪ್ರತಿವರ್ಷ ಇದ್ದಿದ್ದೇ. ಹಾಗೆ ಉರುಳಿದ್ದು ತೇಗವೋ ಹಲಸೋ ಆದರೆ ಜನ ಅದೇ ದಿನ ಆಚಾರಿಗಳನ್ನು ಕರೆಸುತ್ತಾರೆ. ತಪಸಿ ಆದರೆ ಮಾತ್ರ 'ಅಯ್ಯೋ, ಅದು ಕಾಡುಮರ' ಅಂತ ಮೂಲೆಗೆ ತಳ್ಳಿಬಿಡುತ್ತಾರೆ. ಮೂರು ವಾರ ಬಿಟ್ಟು ನೋಡಿದರೆ ಬೂಷ್ಟು ಬಂದಿರುತ್ತದೆ. 'ನೋಡಿ, ಕೆಟ್ಟ ಮರ ಅಂತ ಹೇಳಿರಲಿಲ್ವಾ' ಅನ್ನುತ್ತಾರೆ. ಮರ ಕೆಟ್ಟದ್ದಲ್ಲ, ಕೆಡಿಸಿದ್ದು ಆ ಮೂರು ವಾರ.

ತಪಸಿಯನ್ನು ಗುರುತಿಸುವುದು ಸುಲಭ. ಬೂದು ಬಣ್ಣದ ತೊಗಟೆ. ಎಲೆ ಹಿಸುಕಿದರೆ ಕೆಟ್ಟ ವಾಸನೆ. ಬೇಸಿಗೆಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ, ಕಾಗದದಂಥ ತೆಳು ಕಾಯಿಗಳು ರಸ್ತೆ ತುಂಬಾ ಉರುಳಾಡುತ್ತವೆ. ಒಂದೊಂದರ ನಡುವೆಯೂ ಒಂದು ಚಪ್ಪಟೆ ಬೀಜ. ಇಂಗ್ಲಿಷಿನಲ್ಲಿ ಇದನ್ನು ಇಂಡಿಯನ್ ಎಲ್ಮ್ ಅನ್ನುತ್ತಾರೆ. ಅದು ಬರೀ ಹೆಸರಲ್ಲ, ಯುರೋಪಿನ ಎಲ್ಮ್ ಮರಗಳ ಕುಟುಂಬಕ್ಕೇ ಸೇರಿದ ಮರ ಇದು. ಇಂಗ್ಲೆಂಡಿನ ವಿಂಡ್ಸರ್ ಕುರ್ಚಿಯ ಕೂರುವ ಹಲಗೆಗೆ ಎಲ್ಮನ್ನೇ ಹುಡುಕುತ್ತಿದ್ದರು. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಂಚಿಗೆ ಹತ್ತಿರ ತೂತು ಕೊರೆದರೂ ಹಲಗೆ ಸೀಳುವುದಿಲ್ಲ. ಗಾಡಿ ಚಕ್ರದ ಗುಂಬಕ್ಕೂ ಅದೇ ಮರ. ತಪಸಿಯ ಎಳೆಯೂ ಹೀಗೇ ಹೆಣೆದಿರುತ್ತದೆ. ಕೂರುವ ಮಣೆಗೆ ಇದು ಹೇಳಿ ಮಾಡಿಸಿದ ಮರ ಅಂತ ನಾನು ಹೇಳುವುದು ಅದಕ್ಕೇ.

ಮೊದಲು ಅನುಮತಿ

ನಿಮ್ಮ ಕಾಂಪೌಂಡಿನೊಳಗಿನ ಮರವೇ ಆದರೂ ಕಡಿಯಲು ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ತಾನಾಗಿ ಬಿದ್ದ ಮರವಾದರೂ ಫೋಟೊ ತೆಗೆದಿಟ್ಟುಕೊಂಡು ತಿಳಿಸಿ, ಸಾಗಿಸಲು ಕಾಗದ ಬೇಕೇ ಅಂತಲೂ ಅಲ್ಲೇ ಕೇಳಿಬಿಡಿ. ಬೀದಿಯ ಮರ ನಿಮ್ಮದಲ್ಲ, ಅದರ ತಂಟೆಗೆ ಹೋಗಬೇಡಿ.

ದಿಮ್ಮಿಯಿಂದ ಹಲಗೆ: ವಾರದೊಳಗೆ

ಎಲ್ಲರೂ ಎಡವುವ ಜಾಗ ಇದು. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ತೇಗ, ಹಲಸಿನ ಮರದಲ್ಲಿ ಒಳಗೆ ಬಣ್ಣದ ಚೇಗು, ಹೊರಗೆ ಬಿಳಿ ಭಾಗ ಅಂತ ಬೇರೆಬೇರೆ ಕಾಣುತ್ತದೆ. ಹುಳು, ಬೂಷ್ಟಿಗೆ ಇಷ್ಟವಾಗುವುದು ಆ ಹೊರಗಿನ ಬಿಳಿ ಭಾಗ, ಯಾಕೆಂದರೆ ಅದರಲ್ಲಿ ಸಕ್ಕರೆ, ಗಂಜಿ ಇರುತ್ತದೆ. ತಪಸಿಯಲ್ಲಿ ಹಾಗೆ ಬೇರೆ ಕಾಣುವ ಚೇಗೇ ಇಲ್ಲ. ತೊಗಟೆಯಿಂದ ನಡುವಿನವರೆಗೂ ಒಂದೇ ತೆಳು ಹಳದಿ. ಅಂದರೆ ಇಡೀ ಮರವೇ ಬೂಷ್ಟಿಗೆ ಊಟ. ಮರದ ತೇವ ಶೇ 20ಕ್ಕಿಂತ ಜಾಸ್ತಿ ಇರುವವರೆಗೆ ನೀಲಿ ಬೂಷ್ಟು ಒಳಗೆ ಹಬ್ಬುತ್ತಲೇ ಇರುತ್ತದೆ. ಮೇ ತಿಂಗಳ ಸೆಕೆ, ಮೇಲೊಂದು ಮಳೆ ಬಿದ್ದರಂತೂ ಕೇಳುವುದೇ ಬೇಡ.

ಪರಿಚಯದವರೊಬ್ಬರ ಮನೆಯಲ್ಲಿ ಒಂದೇ ಮರದ ಎರಡು ದಿಮ್ಮಿ ನೋಡಿದ್ದೆ. ಒಂದನ್ನು ನಾಲ್ಕನೇ ದಿನಕ್ಕೇ ಸಾಮಿಲ್ಲಿಗೆ ಹಾಕಿಸಿದ್ದರು. ಹಲಗೆ ಹಾಲಿನ ಕೆನೆಯ ಹಾಗಿತ್ತು. ಇನ್ನೊಂದಕ್ಕೆ ಮಳೆ ತಾಗದಿರಲಿ ಅಂತ ಟಾರ್ಪಾಲು ಬಿಗಿದು ಒಂದು ತಿಂಗಳು ಇಟ್ಟಿದ್ದರು. ಕೊಯ್ದಾಗ ಉದ್ದಕ್ಕೂ ಬೂದು-ನೀಲಿ ಗೆರೆ. ಕೀಸಿದಷ್ಟೂ ಒಳಗೆ ಅದೇ ಬಣ್ಣ. ಮರದ ಬಲ ಅಷ್ಟೇನೂ ಹೋಗಿರಲಿಲ್ಲ, ಆದರೆ ಯಾರೂ ಆ ಹಲಗೆಯನ್ನು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ. ಪ್ಲಾಸ್ಟಿಕ್ ಹೊದಿಸುವುದು ಅಂದರೆ ಮರವನ್ನು ಬೇಯಿಸಿದ ಹಾಗೆ. ದಯವಿಟ್ಟು ಮಾಡಬೇಡಿ.

ಬಿದ್ದ ದಿನವೇ ದಿಮ್ಮಿಯ ಎರಡೂ ತುದಿಗೆ ಹಳೇ ಎನಾಮಲ್ ಪೇಂಟ್ ಎರಡು ಕೋಟು ಬಳಿಯಿರಿ. ಕರಗಿಸಿದ ಮೇಣದಬತ್ತಿಯಾದರೂ ಸರಿ. ತುದಿಯಿಂದ ನೀರು ಮೈಯಿಂದ ಆರುವುದಕ್ಕಿಂತ ಎಷ್ಟೋ ಪಟ್ಟು ಬೇಗ ಆರುತ್ತದೆ, ಬಿರುಕು ಶುರುವಾಗುವುದೇ ಅಲ್ಲಿ. ಕೆಲವರು ಬಿಳಿ ಅಂಟಿಗೆ ನೀರು ಬೆರೆಸಿ ಬಳಿಯುತ್ತಾರೆ. ಅದು ಸುಮ್ನೆ ದಂಡ.

ಸಾಮಿಲ್ಲಿನಲ್ಲಿ ಒಂದೂವರೆ ಇಂಚು ದಪ್ಪಕ್ಕೆ ಕೊಯ್ಯಿಸಿ. ಒಂದಿಂಚು ಸಾಕು ಅಂತ ಅವರು ಹೇಳಬಹುದು, ಒಪ್ಪಬೇಡಿ. ಒಣಗಿ, ಸೊಟ್ಟ ಆಗಿ, ಕೀಸಿ ಮುಗಿಯುವಾಗ ಒಂದಿಂಚು ಉಳಿಯಬೇಕಲ್ವಾ? ನಟ್ಟನಡುವಿನ ತಿರುಳಿರುವ ಹಲಗೆಯನ್ನು ಸೌದೆಗೆ ಬಿಡಿ, ಅದು ಸೀಳಿಯೇ ಸೀಳುತ್ತದೆ.

ಇನ್ನು ಕುಟ್ಟೆ ಹುಳು. ಹತ್ತು ಲೀಟರ್ ಬಿಸಿನೀರಿಗೆ 360 ಗ್ರಾಂ ಬಿಳಿಗಾರ, 240 ಗ್ರಾಂ ಬೋರಿಕ್ ಆಸಿಡ್ ಪುಡಿ ಕರಗಿಸಿ. ಗ್ಲೌಸ್ ಹಾಕಿಕೊಂಡು, ಹಸಿ ಇರುವಾಗಲೇ ಹಲಗೆಯ ಎಲ್ಲ ಮೈಗೂ ಎರಡು ಸಲ ಧಾರಾಳವಾಗಿ ಬಳಿಯಿರಿ. ಒಂದರ ಮೇಲೊಂದು ಜೋಡಿಸಿ ಒಂದು ರಾತ್ರಿ ಬಿಡಿ, ಜಾಸ್ತಿ ಬೇಡ. ಹಸಿ ಮರ ಇದನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಬಳಿದರೆ ಮೇಲೆ ಮೇಲೆಯೇ ಉಳಿಯುತ್ತದೆ. ರೊಟ್ಟಿ ಮಣೆಗೋ ತರಕಾರಿ ಹೆಚ್ಚುವ ಹಲಗೆಗೋ ಅಂತ ಎತ್ತಿಟ್ಟ ತುಂಡಿಗೆ ಮಾತ್ರ ಇದನ್ನು ಮುಟ್ಟಿಸಬೇಡಿ. ಸುಟ್ಟ ಇಂಜಿನ್ ಆಯಿಲ್ ಬಳಿಯುವ ಹಳೇ ಅಭ್ಯಾಸವೊಂದಿದೆ. ಬೇಲಿ ಗೂಟಕ್ಕೆ ಆದೀತು. ಕೂರುವ ಮಣೆಗೆ ಬಳಿದರೆ ವಾಸನೆಯೂ ಹೋಗುವುದಿಲ್ಲ, ಬಟ್ಟೆಯ ಕಲೆಯೂ ಹೋಗುವುದಿಲ್ಲ.

ಪೇರಿಸುವುದು

ಮರುದಿನ ಬೆಳಿಗ್ಗೆಯೇ ಪೇರಿಸಿ. ನೆಲದಿಂದ ಒಂದಡಿ ಮೇಲೆ ಇಟ್ಟಿಗೆ ಜೋಡಿಸಿ, ಸಾಲಿನ ನಡುನಡುವೆ ಒಂದಿಂಚಿನ ರೀಪರ್ (ಮರದ ಸಣ್ಣ ಪಟ್ಟಿ) ತುಂಡು ಕೊಡಿ. ರೀಪರುಗಳು ಒಂದೂವರೆ ಅಡಿಗೊಂದರಂತೆ, ಕೆಳಗಿನಿಂದ ಮೇಲಿನವರೆಗೆ ಒಂದೇ ನೇರಕ್ಕೆ ಇರಬೇಕು. ಒಂದು ಅತ್ತ ಒಂದು ಇತ್ತ ಆದರೆ ಹಲಗೆ ಅಲೆಯಲೆಯಾಗಿ ಬಾಗುತ್ತದೆ. ರೀಪರ್ ಪೂರಾ ಒಣಗಿದ ಮರದ್ದೇ ಆಗಿರಲಿ. ಅದೇ ತಪಸಿಯ ಹಸಿ ಚೂರುಗಳನ್ನು ಇಟ್ಟು ಉಳಿತಾಯ ಮಾಡಿದವರ ಹಲಗೆಯಲ್ಲಿ ಒಂದೂವರೆ ಅಡಿಗೊಂದು ಕಪ್ಪು ಪಟ್ಟೆ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಮೇಲೆ ಶೀಟು, ಅದರ ಮೇಲೆ ಸೈಜುಗಲ್ಲಿನ ಭಾರ. ನಾಲ್ಕೂ ಬದಿ ಗಾಳಿ ಆಡಲಿ. ಬಿಸಿಲು ನೇರವಾಗಿ ಬೀಳಬಾರದು.

ಮೇ ತಿಂಗಳಲ್ಲಿ ಪೇರಿಸಿದರೆ ಸಂಕ್ರಾಂತಿವರೆಗೂ ನಾನು ಮುಟ್ಟುವುದಿಲ್ಲ. ಒಣಗಿದೆಯೇ ಅಂತ ನೋಡಲು ಬೆರಳಿಂದ ತಟ್ಟಿ ಸದ್ದು ಕೇಳುವುದನ್ನು ನಾನು ನಂಬುವುದಿಲ್ಲ. ಹಲಗೆಯ ತುದಿಯಿಂದ ಒಂದಡಿ ಒಳಗೆ ಒಂದು ಚೂರು ಕತ್ತರಿಸಿ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. 320 ಗ್ರಾಂ ಬಂತು ಅನ್ನಿ. ಓವನ್ನಿನಲ್ಲಿ 103 ಡಿಗ್ರಿಗೆ ಇಟ್ಟು, ತೂಕ ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಒಣಗಿಸಿ. 280ಕ್ಕೆ ನಿಂತರೆ ಹೋದ ನೀರು 40 ಗ್ರಾಂ. 40ನ್ನು 280ರಿಂದ ಭಾಗಿಸಿದರೆ ತೇವ ಸುಮಾರು ಶೇ 14. ಇನ್ನೊಂದು ತಿಂಗಳು ಬಿಡಿ, ಶೇ 12ರ ಆಸುಪಾಸಿಗೆ ಬಂದಾಗ ಕೆಲಸ ಶುರು ಮಾಡಿ.

ಮಣೆ

ಉಳಿದದ್ದು ಬೇಗ ಆಗುತ್ತದೆ. ಹದಿನೈದು ಇಂಚು ಉದ್ದ, ಹನ್ನೆರಡು ಇಂಚು ಅಗಲಕ್ಕೆ ಕತ್ತರಿಸಿ. ಅಷ್ಟು ಅಗಲದ ಹಲಗೆ ಸಿಗದಿದ್ದರೆ ಎರಡನ್ನು ಅಂಟಿಸಿ. ಕೀಸುಳಿ ಹಾಕುವಾಗ ಮಾತ್ರ ಜೋಪಾನ. ಎಳೆ ಹೆಣೆದಿರುವುದರಿಂದ ಒಂದು ಕಡೆ ನುಣುಪಾದರೆ ಪಕ್ಕದಲ್ಲೇ ಚಕ್ಕೆ ಏಳುತ್ತದೆ. ಬ್ಲೇಡು ಚೆನ್ನಾಗಿ ಮಸೆದು, ತೀರ ತೆಳ್ಳಗೆ, ಸ್ವಲ್ಪ ಓರೆಯಾಗಿ ತಳ್ಳಿ. ಕೊನೆಗೆ ನಮ್ಮ ಆಚಾರಿಗಳು ಮಾಡುವ ಹಾಗೆ ಗಾಜಿನ ಚೂರಿನಿಂದ ಹೆರೆದು, 120, ಆಮೇಲೆ 220 ನಂಬರಿನ ಉಪ್ಪುಕಾಗದ ಉಜ್ಜಿ.

ಕೆಳಗೆ ಅಡ್ಡಲಾಗಿ ಎರಡು ಕಾಲುಪಟ್ಟಿ. ಇವನ್ನು ಅಂಟಿಸಬೇಡಿ, ಮೂರು ಮೂರು ಸ್ಕ್ರೂ ಸಾಕು. ನಡುವಿನ ಸ್ಕ್ರೂ ಬಿಗಿ. ಆಚೀಚಿನ ಎರಡಕ್ಕೆ ಪಟ್ಟಿಯ ತೂತನ್ನು ಉದ್ದುದ್ದ ಮಾಡಿ. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜಾಗ ಕೊಡದಿದ್ದರೆ ಎಂಥ ಹೆಣೆದ ಎಳೆಯೂ ಬಿರಿಯುತ್ತದೆ.

ಹೊಳೆಯುವ ಪಾಲಿಶ್ ನನಗೆ ಬೇಡ. ತಪಸಿಯ ಆ ತಿಳಿ ಬಣ್ಣವೇ ಚೆಂದ. ಕುದಿಸಿದ ಅಗಸೆ ಎಣ್ಣೆಯನ್ನು (ಬಾಯ್ಲ್ಡ್ ಲಿನ್ಸೀಡ್ ಆಯಿಲ್) ಮೂರು ದಿನ ಬಿಟ್ಟು ಬಿಟ್ಟು ಮೂರು ಸಲ ತೆಳ್ಳಗೆ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹಗ್ಗದ ಮೇಲೆ ಅಗಲವಾಗಿ ಹರವಿ ಒಣಗಿಸಿ. ಮಣೆಯನ್ನು ಬಚ್ಚಲಿಗೂ ಅಂಗಳದ ಮಣ್ಣಿಗೂ ತರಬೇಡಿ, ಊಟದ ಮನೆಯಲ್ಲೇ ಗೋಡೆಗೆ ಒರಗಿಸಿಡಿ.