ಯೂನಿಫಾರ್ಮ್ ಇರುವ ಮನೆಯಲ್ಲಿ ಮದುವೆ ಮುರಿದರೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಅಮೆರಿಕದಲ್ಲಿ ನಮ್ಮವರು ಅಂದರೆ ಎಲ್ಲರೂ ಸಾಫ್ಟ್‌ವೇರ್ ಅನ್ನುವ ಲೆಕ್ಕ. ಮಿಲಿಟರಿ ಬೇಸ್‌ಗಳಿರುವ ನಾರ್ಫೋಕ್, ಸ್ಯಾನ್ ಡಿಯೇಗೊ, ಕಿಲೀನ್ ಕಡೆ ಬಂದು ನೋಡಿ. ನೇವಿಯವನನ್ನು ಮದುವೆಯಾದ ಮೈಸೂರಿನ ಹುಡುಗಿ, ಗ್ರೀನ್ ಕಾರ್ಡ್ ಬಂದ ಮೇಲೆ ತಾನೇ ಆರ್ಮಿ ಸೇರಿದ ಹಾಸನದ ಹುಡುಗ, ಎಲ್ಲ ಇದ್ದಾರೆ. ಇಂಥ ಮನೆಯಲ್ಲಿ ಮದುವೆ ಮುರಿದರೆ ಯಾರನ್ನು ಕೇಳೋದು ಅಂತಲೇ ಗೊತ್ತಾಗುವುದಿಲ್ಲ. ಕನ್ನಡ ಸಂಘದವರನ್ನು ಕೇಳಿದರೆ ಎಚ್-1 ವೀಸಾ ಮಾತು ತೆಗೀತಾರೆ. ಬೇಸ್‌ನಲ್ಲಿ ಕೇಳಿದರೆ ಮೂರಕ್ಷರ, ನಾಲ್ಕಕ್ಷರದ ಹೆಸರುಗಳನ್ನು ಮುಖಕ್ಕೆ ಎಸೀತಾರೆ. ನಾನು ನೇವಿಯವರ ಹೆಂಡತಿಯಾಗಿದ್ದವಳು, ಈಗ ಮಾಜಿ. ಫೋನ್ ಮಾಡಿದ ಹೆಣ್ಣುಮಕ್ಕಳಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಹೆಂಡತಿ ಯೂನಿಫಾರ್ಮ್‌ನಲ್ಲಿದ್ದರೆ ಗಂಡನಿಗೂ ಇದೇ ನಿಯಮ.

ಡಿವೋರ್ಸ್ ಕೊಡುವುದು ಮಿಲಿಟರಿ ಅಲ್ಲ, ರಾಜ್ಯದ ಕೋರ್ಟು. ಕಮಾಂಡರ್ ಹತ್ತಿರ ಹೋದರೆ ಅವರು ಕೌನ್ಸೆಲಿಂಗ್‌ಗೆ ಕಳಿಸಬಹುದು, ಮನೆಖರ್ಚಿಗೆ ದುಡ್ಡು ಕೊಡು ಅಂತ ಹೇಳಬಹುದು. ಆರ್ಮಿಯಲ್ಲಿ ಅದಕ್ಕೆ 608-99 ಅನ್ನುವ ನಿಯಮವೇ ಇದೆ. ಅಷ್ಟಕ್ಕೆ ಅವರ ಕೈ ಕಟ್ಟಿತು. ಆಸ್ತಿ, ಪೆನ್ಷನ್, ಮಕ್ಕಳು ಎಲ್ಲ ಜಡ್ಜ್ ಕೈಯಲ್ಲಿ. ಕೇಸು ಎಲ್ಲಿ ಹಾಕುವುದು ಅನ್ನುವುದು ಮಾತ್ರ ಯೋಚನೆ ಮಾಡಬೇಕಾದ ವಿಷಯ. ಟೆಕ್ಸಾಸಿನಲ್ಲಿ ಅರ್ಜಿ ಹಾಕಿ 60 ದಿನ ಕಾದರೆ ಆಯಿತು, ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳು, ನಾರ್ತ್ ಕ್ಯಾರೊಲಿನಾದಲ್ಲಿ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಬೇಗ ಮುಗೀಲಿ ಅಂತ ರಾಜ್ಯ ಆರಿಸಬೇಡಿ. ಮಿಲಿಟರಿ ಪೆನ್ಷನ್ ಹಂಚುವ ಅಧಿಕಾರ ಎಲ್ಲ ಕೋರ್ಟಿಗೂ ಇರುವುದಿಲ್ಲ. ಆ ರಾಜ್ಯ ನಿಮ್ಮವರ ಕಾಯಂ ರಾಜ್ಯ ಆಗಿರಬೇಕು, ಅಥವಾ ಪೋಸ್ಟಿಂಗ್ ಬಿಟ್ಟು ಬೇರೆ ಕಾರಣಕ್ಕೆ ಅವರು ಅಲ್ಲಿ ವಾಸವಿರಬೇಕು, ಇಲ್ಲವೇ ಅವರೇ ಒಪ್ಪಬೇಕು. ಬರೀ ಡ್ಯೂಟಿ ಮೇಲೆ ಬಂದಿದ್ದಾರೆ ಅಂದರೆ ಸಾಲದು.

ಅವರು ಹಡಗಿನಲ್ಲೋ ಬೇರೆ ದೇಶದಲ್ಲೋ ಇದ್ದರೆ ಕೇಸು ಮುಂದಕ್ಕೆ ಹೋಗುತ್ತದೆ. ಸರಿಯಾಗಿ ಕೇಳಿಕೊಂಡರೆ ಕನಿಷ್ಠ 90 ದಿನದ ತಡೆ ಕೊಡಲೇಬೇಕು ಅಂತ 2003ರ ಸರ್ವೀಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆ್ಯಕ್ಟ್ ಹೇಳುತ್ತದೆ. ಗಂಡ ಬೇಕಂತಲೇ ಆಟ ಆಡಿಸ್ತಿದ್ದಾನೆ ಅಂತ ಅತ್ತವರನ್ನು ನೋಡಿದ್ದೇನೆ. ಆಟ ಆಡಿಸುವವರೂ ಇದ್ದಾರೆ ಬಿಡಿ. ಆದರೆ ಈ ತಡೆ ಕಾನೂನು ಕೊಟ್ಟಿದ್ದು.

ಬೇಸ್‌ನ ಲೀಗಲ್ ಆಫೀಸಿನಲ್ಲಿ ಸಲಹೆ ಉಚಿತ. ನಿಮ್ಮ ಪರ ಕೋರ್ಟಿಗೆ ಬರುವುದಿಲ್ಲ, ಅದಕ್ಕೆ ಹೊರಗಿನ ವಕೀಲರೇ ಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದೇ ಆಫೀಸು ಗಂಡ ಹೆಂಡತಿ ಇಬ್ಬರಿಗೂ ಸಲಹೆ ಕೊಡುವಂತಿಲ್ಲ. ಯಾರು ಮೊದಲು ಹೋದರೋ ಅವರಿಗೆ. ನಮ್ಮ ಹೆಣ್ಣುಮಕ್ಕಳು ಮೊದಲು ಅಮ್ಮನಿಗೆ ಫೋನ್ ಮಾಡ್ತಾರೆ, ಆಮೇಲೆ ಅಕ್ಕನಿಗೆ, ಆಮೇಲೆ ಊರಿನ ಹಿರಿಯರೆಲ್ಲ ವಿಡಿಯೋ ಕಾಲ್‌ನಲ್ಲಿ ಕೂತು 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ' ಅಂತಾರೆ. ಅಷ್ಟರೊಳಗೆ ಅವರು ಲೀಗಲ್ ಆಫೀಸಿಗೆ ಹೋಗಿ ಬಂದಿರುತ್ತಾರೆ. ಹಾಗಾದರೆ ಸಲಹೆಗೆ ಬೇರೆ ಬೇಸ್‌ನ ಲೀಗಲ್ ಆಫೀಸಿಗೆ ಕಳಿಸಿ ಅಂತ ಕೇಳಿ, ಕಳಿಸ್ತಾರೆ. ಮನಸ್ಸು ಬಿಚ್ಚಿ ಮಾತಾಡಬೇಕಾದರೆ ಚಾಪ್ಲಿನ್ ಹತ್ತಿರ ಹೋಗಿ. ಅವರು ಪಾದ್ರಿ ಅಂತ ಹಿಂಜರಿಯಬೇಡಿ, ಯಾವ ಧರ್ಮದವರಾದರೂ ಕೂರಿಸಿ ಕೇಳ್ತಾರೆ, ಮಾತು ಹೊರಗೆ ಹೋಗುವುದಿಲ್ಲ. ಕಮಾಂಡರ್ ಹತ್ತಿರ ಹೇಳಿದ್ದಕ್ಕೆ ಆ ಗ್ಯಾರಂಟಿ ಇಲ್ಲ.

ಈಗ ಪೆನ್ಷನ್. ಇಲ್ಲಿ ಹಬ್ಬಿರುವಷ್ಟು ಸುಳ್ಳು ಬೇರೆಲ್ಲೂ ಇಲ್ಲ. 'ಹತ್ತು ವರ್ಷ ಆಗದಿದ್ದರೆ ಹೆಂಡತಿಗೆ ಏನೂ ಸಿಗಲ್ಲ' ಅಂತ ಎಲ್ಲರೂ ಹೇಳ್ತಾರೆ, ಸೈನಿಕರೂ ಹೇಳ್ತಾರೆ. ಹಾಗೇನಿಲ್ಲ. ಪೆನ್ಷನ್ ಹಂಚಲು ರಾಜ್ಯದ ಕೋರ್ಟುಗಳಿಗೆ 1982ರ ಕಾನೂನು ಅವಕಾಶ ಕೊಟ್ಟಿದೆ, ಅದರಲ್ಲಿ ಕನಿಷ್ಠ ವರ್ಷದ ಮಾತಿಲ್ಲ. ಹತ್ತು ವರ್ಷದ ಲೆಕ್ಕ ಬರುವುದು ದುಡ್ಡು ಯಾರು ಕಳಿಸ್ತಾರೆ ಅನ್ನುವುದಕ್ಕೆ. ಮದುವೆಯೂ ಸರ್ವೀಸೂ ಒಟ್ಟಿಗೆ 10 ವರ್ಷ ನಡೆದಿದ್ದರೆ ಸೈನ್ಯದ ಸಂಬಳ ಆಫೀಸು, ಅಂದರೆ ಡಿಎಫ್‌ಎಎಸ್, ನಿಮ್ಮ ಪಾಲನ್ನು ನೇರ ನಿಮ್ಮ ಖಾತೆಗೆ ಹಾಕುತ್ತದೆ. ಇಲ್ಲದಿದ್ದರೆ ತಿಂಗಳು ತಿಂಗಳು ಅವರೇ ಕೊಡಬೇಕು, ನೀವು ಕಾಯಬೇಕು. ನೇರ ಕೊಡುವ ಪಾಲು ಹೆಚ್ಚೆಂದರೆ ಅರ್ಧ. 'ನ್ಯಾಯವಾದ ಪಾಲು' ಅಂತ ಡಿಕ್ರಿಯಲ್ಲಿ, ಅಂದರೆ ಕೋರ್ಟಿನ ಡಿವೋರ್ಸ್ ಆದೇಶದಲ್ಲಿ, ಬರೆದರೆ ಡಿಎಫ್‌ಎಎಸ್ ಅದನ್ನು ವಾಪಸ್ ಕಳಿಸುತ್ತದೆ. ಇಷ್ಟು ಡಾಲರ್, ಇಷ್ಟು ಪರ್ಸೆಂಟ್, ಅಥವಾ ಈ ಸೂತ್ರ ಅಂತ ಇರಲೇಬೇಕು. ಅವರು ಇನ್ನೂ ಸರ್ವೀಸಿನಲ್ಲಿದ್ದರೆ ಡಿವೋರ್ಸ್ ಆದ ದಿನಕ್ಕೆ ಎಷ್ಟು ವರ್ಷ ಸರ್ವೀಸ್, ಸರಾಸರಿ ಮೂಲವೇತನ ಎಷ್ಟು ಅನ್ನುವುದೂ ಬೇಕು. 2016ರ ಡಿಸೆಂಬರ್ ಕೊನೆಯಿಂದ ಈ ನಿಯಮ. ಆಮೇಲೆ ಅವರಿಗೆ ಬರುವ ಬಡ್ತಿಯಲ್ಲಿ ನಿಮಗೆ ಪಾಲಿಲ್ಲ. ವಿಎ, ಅಂದರೆ ಮಾಜಿ ಸೈನಿಕರ ಇಲಾಖೆ, ಕೊಡುವ ಅಂಗವೈಕಲ್ಯದ ಹಣ ಹಂಚುವ ಹಾಗಿಲ್ಲ. ಪೆನ್ಷನ್ ಬಿಟ್ಟುಕೊಟ್ಟು ಆ ಹಣ ತೆಗೆದುಕೊಂಡರೆ ನಿಮ್ಮ ಪಾಲು ಅಷ್ಟು ಇಳಿಯುತ್ತದೆ, ಅದನ್ನು ತುಂಬಿಕೊಡು ಅಂತ ಕೋರ್ಟು ಹೇಳುವಂತಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ.

ನಾನು ಕೈ ಸುಟ್ಟುಕೊಂಡಿದ್ದು ಇದಾದ ಮೇಲಿನ ಹೆಜ್ಜೆಯಲ್ಲಿ. ಪೆನ್ಷನ್ ಪಾಲಿಗೆ ಡಿಡಿ 2293 ಅನ್ನುವ ಫಾರ್ಮ್. ಡಿಕ್ರಿಯ ಸರ್ಟಿಫೈಡ್ ಕಾಪಿ ಜೊತೆ ಅದನ್ನು ಕಳಿಸಿ, ದುಡ್ಡು ಬರುತ್ತದೆ ಅಂತ ಗೊತ್ತಾದ ಮೇಲೆ ಫೈಲು ಕಟ್ಟಿಟ್ಟೆ. ಆದರೆ ಆ ಪೆನ್ಷನ್ ಇರುವುದು ಅವರ ಉಸಿರಿರುವ ತನಕ. ಅವರು ತೀರಿಕೊಂಡರೆ ನನ್ನ ಪಾಲೂ ನಿಲ್ಲುತ್ತದೆ. ಆಮೇಲೂ ಬರಬೇಕಾದರೆ ಸರ್ವೈವರ್ ಬೆನಿಫಿಟ್ ಪ್ಲ್ಯಾನ್ ಅಂತ ಬೇರೆಯೇ ಇದೆ, ಎಸ್‌ಬಿಪಿ ಅಂತಾರೆ. ಮಾಜಿ ಹೆಂಡತಿಯ ಹೆಸರಿನಲ್ಲಿ ಅದನ್ನು ಇಡಬೇಕು ಅಂತ ನನ್ನ ಡಿಕ್ರಿಯಲ್ಲಿ ಚೆನ್ನಾಗಿಯೇ ಬರೆದಿತ್ತು. ಜಡ್ಜ್ ಬರೆದರೆ ಆಯಿತು, ಸರ್ಕಾರ ನೋಡಿಕೊಳ್ಳುತ್ತದೆ ಅಂದುಕೊಂಡೆ. ಅವರು ಅರ್ಜಿ ಕೊಡಲಿಲ್ಲ. ಅವರು ಕೊಡದಿದ್ದರೆ ನಾನೇ ಕೋರ್ಟಿನ ಆದೇಶ ಆದ ಒಂದು ವರ್ಷದೊಳಗೆ 2656-10 ಫಾರ್ಮ್ ಕಳಿಸಬೇಕಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ವರ್ಷ ದಾಟಿತ್ತು. ವಕೀಲರನ್ನು ಕೇಳಿದರೆ, 'ನಾನು ಮಿಲಿಟರಿ ಕೇಸು ಜಾಸ್ತಿ ಮಾಡಿಲ್ಲ' ಅಂದರು. ಆ ಮಾತನ್ನು ಫೀಸು ತೆಗೆದುಕೊಳ್ಳುವ ಮುಂಚೆ ಹೇಳಬಹುದಿತ್ತು, ಅಲ್ವಾ? ಈಗ ಮಾಜಿ ಗಂಡನ ಬಿಪಿ, ಶುಗರ್ ನನ್ನ ತಲೆನೋವು. ನಗಬೇಡಿ. ಡಿಕ್ರಿಯಲ್ಲಿ ಬರೆಸಿ, ಎರಡೂ ಫಾರ್ಮ್ ನೀವೇ ಕಳಿಸಿ, ತಲುಪಿದೆ ಅನ್ನುವ ಉತ್ತರ ಇಟ್ಟುಕೊಳ್ಳಿ. ಗಂಡ ನೋಡಿಕೊಳ್ಳುತ್ತಾರೆ ಅನ್ನುವ ಅಭ್ಯಾಸ ಡಿವೋರ್ಸ್ ಆದ ಮೇಲೂ ನಮಗೆ ಹೋಗುವುದಿಲ್ಲ ನೋಡಿ.

ಆಸ್ಪತ್ರೆ ಖರ್ಚು. 20 ವರ್ಷ ಮದುವೆ, 20 ವರ್ಷ ಸರ್ವೀಸ್, ಎರಡೂ ಒಟ್ಟಿಗೆ ನಡೆದದ್ದು 20 ವರ್ಷ ಇದ್ದರೆ ಟ್ರೈಕೇರ್ ಅನ್ನುವ ಸೈನ್ಯದ ಆರೋಗ್ಯ ವಿಮೆ, ಕಮಿಸರಿ ಅನ್ನುವ ಬೇಸ್‌ನ ದಿನಸಿ ಅಂಗಡಿ ಎಲ್ಲ ಉಳಿಯುತ್ತದೆ. ಮದುವೆ, ಸರ್ವೀಸ್ ಎರಡೂ 20 ವರ್ಷ ಇದ್ದು, ಒಟ್ಟಿಗೆ ನಡೆದದ್ದು ಮಾತ್ರ 15 ತುಂಬಿ 20ರ ಒಳಗಿದ್ದರೆ ಒಂದು ವರ್ಷ ಟ್ರೈಕೇರ್ ಮಾತ್ರ. ಅದಕ್ಕಿಂತ ಕಡಿಮೆಯಿದ್ದರೆ ಡಿಕ್ರಿಯ ದಿನವೇ ಮುಗಿಯಿತು. 20ಕ್ಕೆ ಕೆಲವೇ ತಿಂಗಳು ಬಾಕಿಯಿದ್ದರೆ ಕೊನೆಯ ಸಹಿಗೆ ಅವಸರ ಮಾಡಬೇಡಿ, ವಕೀಲರ ಹತ್ತಿರ ಮಾತಾಡಿ. ಟ್ರೈಕೇರ್ ಹೋದವರು 60 ದಿನದೊಳಗೆ ಅರ್ಜಿ ಹಾಕಿ ದುಡ್ಡು ಕಟ್ಟಿದರೆ 36 ತಿಂಗಳ ತನಕ ಬೇರೆ ವಿಮೆ ಸಿಗುತ್ತದೆ. ಮಕ್ಕಳದ್ದು 21ರ ತನಕ, ಕಾಲೇಜಿನಲ್ಲಿದ್ದರೆ 23ರ ತನಕ ಹಾಗೇ ಇರುತ್ತದೆ.

ಗ್ರೀನ್ ಕಾರ್ಡ್ ಎರಡು ವರ್ಷದ್ದಾದರೆ ಡಿಕ್ರಿ ಕೈಗೆ ಬಂದ ಮೇಲೆ ಐ-751, ಅಂದರೆ ಆ ಕಾರ್ಡನ್ನು ಕಾಯಂ ಮಾಡಿಸುವ ಅರ್ಜಿ, ಒಬ್ಬರೇ ಹಾಕಬಹುದು. ಮದುವೆ ನಿಜವಾದದ್ದು ಅಂತ ತೋರಿಸಲು ಜಂಟಿ ಖಾತೆ, ಬಾಡಿಗೆ ಕರಾರು, ಫೋಟೋ ಇರಲಿ. ಸಿಟಿಜನ್‌ಶಿಪ್‌ಗೆ ಮೂರರ ಬದಲು ಐದು ವರ್ಷ ಕಾಯಬೇಕು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಬೇಸ್‌ನಲ್ಲಿ ಮನೆಯೊಳಗಿನ ಹಿಂಸೆ ನೋಡಿಕೊಳ್ಳುವ ಫ್ಯಾಮಿಲಿ ಅಡ್ವೊಕೆಸಿಗೆ ಹೋಗಿ. ಗಂಡನ ಕೆಲಸ ಹೋದರೆ ನಮ್ಮ ಗತಿಯೇನು ಅಂತ ಬಾಯಿ ಮುಚ್ಚಿಕೊಂಡಿರಬೇಡಿ. ಆ ಕಾರಣಕ್ಕೇ ಅವರನ್ನು ಸೇವೆಯಿಂದ ತೆಗೆದರೆ ಹೆಂಡತಿ ಮಕ್ಕಳಿಗೆ 12ರಿಂದ 36 ತಿಂಗಳು ಹಣ ಕೊಡುವ ಯೋಜನೆ ಇದೆ.

ಮಕ್ಕಳ ವಿಷಯಕ್ಕೆ ಬಂದರೆ ನಮ್ಮವರಿಗೆ ಮೊದಲು ಹೊಳೆಯುವುದು, ರಜೆಗೆ ಅಂತ ಊರಿಗೆ ಹೋಗಿ ಅಲ್ಲೇ ಇದ್ದುಬಿಡೋಣ ಅನ್ನುವುದು. ದಯವಿಟ್ಟು ಬೇಡ. ತಂದೆಯ ಹಕ್ಕನ್ನು ತಡೆಯಲು ಮಕ್ಕಳನ್ನು ದೇಶದಿಂದ ಹೊರಗೆ ಇಟ್ಟುಕೊಳ್ಳುವುದು 1993ರಿಂದ ಇಲ್ಲಿ ಫೆಡರಲ್ ಅಪರಾಧ, ಮೂರು ವರ್ಷದ ತನಕ ಜೈಲು. ಮಕ್ಕಳನ್ನು ವಾಪಸ್ ಕಳಿಸುವ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ನೀವು ಸುಮ್ನೆ ಅಜ್ಜಿ ನೋಡಲು ಹೊರಟರೂ ಎದುರು ವಕೀಲರು ಅದನ್ನೇ ಎತ್ತಿ ಹಿಡಿಯುತ್ತಾರೆ. ಊರಿಗೆ ಹೋಗುವ ತಿಂಗಳು, ಟಿಕೆಟ್, ಪಾಸ್‌ಪೋರ್ಟ್ ಯಾರ ಹತ್ತಿರ, ಎಲ್ಲ ಒಪ್ಪಂದದಲ್ಲೇ ಬರೆಸಿ. ಅವರಿಗೆ ವರ್ಗ ಆದರೆ, ಡಿಪ್ಲಾಯ್ ಆಗಿ ತಿಂಗಳುಗಟ್ಟಲೆ ಹೊರಗೆ ಡ್ಯೂಟಿಗೆ ಹೋದರೆ ಮಗು ಎಲ್ಲಿ ಅನ್ನುವುದನ್ನೂ.

ಇನ್ನೊಂದು ಮಾತು ಯಾವ ವಕೀಲರೂ ಹೇಳುವುದಿಲ್ಲ. ಹಬ್ಬಗಳನ್ನು ಬರೆಸಿ. ಸಿದ್ಧ ಒಪ್ಪಂದದಲ್ಲಿ ಕ್ರಿಸ್‌ಮಸ್, ಥ್ಯಾಂಕ್ಸ್‌ಗಿವಿಂಗ್ ಅಚ್ಚಾಗಿ ಬಂದಿರುತ್ತದೆ. ಯುಗಾದಿ, ದೀಪಾವಳಿ ನೀವು ಹೇಳಿದರೆ ಮಾತ್ರ ಸೇರುತ್ತದೆ, ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ ಅನ್ನುವುದನ್ನೂ ಹೇಳಬೇಕು. ನನ್ನ ಮಗಳು ಬೇಸಿಗೆಯೆಲ್ಲ ಅಪ್ಪನ ಹತ್ತಿರ ಇರುತ್ತಾಳೆ. ಅಲ್ಲಿ ಕನ್ನಡ ಇಲ್ಲ. ವಾಪಸ್ ಬಂದಾಗ ಅಜ್ಜಿಯ ಫೋನಿಗೆ 'ಹೂಂ' ಬಿಟ್ಟು ಮಾತಿರುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಮತ್ತೆ ಜಗಳ ಆಡುವಷ್ಟು ಕನ್ನಡ ಬಂದಿರುತ್ತದೆ. ಅಲ್ಲಿಗೆ ಮತ್ತೆ ಬೇಸಿಗೆ.

ಊರಿನ ಕಲ್ಯಾಣ ಮಂಟಪದಲ್ಲಿ ಹಿಂದೂ ವಿವಾಹ ಕಾಯ್ದೆ ಪ್ರಕಾರ ಮದುವೆಯಾದವರು ಗಮನಿಸಿ. 1991ರ ಭಾರತದ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಆ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಒಬ್ಬರೇ ಹೋಗಿ ತಂದ ವಿದೇಶಿ ಡಿಕ್ರಿ ಅಲ್ಲಿ ನಡೆಯುವುದಿಲ್ಲ. ಇಬ್ಬರೂ ಕೋರ್ಟಿಗೆ ಹಾಜರಾಗಿ ಒಪ್ಪಿದ್ದಕ್ಕೆ ದಾಖಲೆ ಇರಲಿ.

ಗಂಡ ಹೋಗುವುದಕ್ಕೆ ಮನಸ್ಸು ತಯಾರಾಗಿರುತ್ತದೆ. ಬೇಸ್ ಹೋಗುವುದಕ್ಕೆ ನಾನು ತಯಾರಿರಲಿಲ್ಲ. ಕ್ವಾರ್ಟರ್ಸ್ ಖಾಲಿ ಮಾಡಬೇಕು, ಐಡಿ ಕಾರ್ಡ್ ವಾಪಸ್ ಕೊಡಬೇಕು. ಹಡಗು ಹೊರಟ ತಿಂಗಳುಗಳಲ್ಲಿ ನನ್ನ ಮಗಳಿಗೆ ಊಟ ಹಾಕಿದ ಫಿಲಿಪ್ಪೀನಿನ ಗೆಳತಿ, ನನ್ನ ಹುಳಿಯನ್ನು ಡಬ್ಬಿಯಲ್ಲಿ ಕೇಳಿ ಒಯ್ಯುತ್ತಿದ್ದ ಪಕ್ಕದ ಮನೆಯವರು, ಎಲ್ಲ ಗೇಟಿನ ಆಚೆ. ಮಗಳ ಹತ್ತಿರ ಕಾರ್ಡ್ ಇದೆ. ಬೇಸ್ ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋಗಲು ನಾನು ಪಾಸ್ ಮಾಡಿಸಬೇಕು. ಊರಿನವರಿಗೆ ಇದು ಅರ್ಥವಾಗುವುದಿಲ್ಲ, ಸೈನ್ಯದ ಸಹವಾಸ ತಪ್ಪಿತಲ್ಲ ಅಂತಾರೆ.

ಸಂಘದಲ್ಲಿ ಮೊದಲ ವರ್ಷ 'ಯಜಮಾನ್ರು ಬರ್ಲಿಲ್ವಾ?' ಅಂತ ಕೇಳುತ್ತಾರೆ. ಡ್ಯೂಟಿ ಅಂತ ಸುಳ್ಳು ಹೇಳಬೇಡಿ, ಆ ಸುಳ್ಳನ್ನು ಪ್ರತಿ ಹಬ್ಬಕ್ಕೂ ಸಾಕಬೇಕಾಗುತ್ತದೆ. ರಾಜ್ಯೋತ್ಸವಕ್ಕೆ ಸಿಂಗಲ್, ಫ್ಯಾಮಿಲಿ ಅಂತ ಎರಡು ಥರ ಟಿಕೆಟ್ ಇರುತ್ತದೆ. ನಾನು ಫ್ಯಾಮಿಲಿಯದ್ದೇ ತಗೊಳ್ಳೋದು, ನಾನು ಮತ್ತೆ ಮಗಳು. ಇನ್ನೂ ಯಾರೂ ಪ್ರಶ್ನೆ ಮಾಡಿಲ್ಲ. ಮಾಡಿದರೆ ಡಿಕ್ರಿ ತೋರಿಸ್ತೀನಿ, ಸರ್ಟಿಫೈಡ್ ಕಾಪಿ ಬೇಕಾದಷ್ಟಿವೆ.