ಸ್ಕ್ಯಾನರ್ ಗಾಜಿನ ಮೇಲೆ ಗೋಣಿ ಬಟ್ಟೆ

ಕಂಪ್ಯೂಟರ್‌ನ ತ್ರೀಡಿ ಮಾದರಿಗಳಿಗೆ ಹೊದಿಸಲು ಬೇಕಾದ ಮೇಲ್ಮೈ ಚಿತ್ರಗಳನ್ನು ಮೊದಲೆಲ್ಲ ಕ್ಯಾಮೆರಾದಲ್ಲೇ ಹಿಡಿಯುತ್ತಿದ್ದೆ. ಒಂದು ಮೂಲೆ ಬೆಳ್ಳಗೆ, ಇನ್ನೊಂದು ಮಬ್ಬು, ಅಂಚಿಗೆ ಬಂದರೆ ಗೆರೆಗಳೆಲ್ಲ ಡೊಂಕು. ದೂಳು ಹಿಡಿದು ಬಿದ್ದಿದ್ದ ದಪ್ಪನೆಯ ಹಳೆಯ ಸ್ಕ್ಯಾನರ್‌ನಲ್ಲಿ ಈ ಕಾಟವಿರಲಿಲ್ಲ. ಅದು ಕನ್ನಡಿ, ಮಸೂರಗಳ ಮೂಲಕ ನೋಡುವ ಸಿಸಿಡಿ ಮಾದರಿಯದು; ಗಾಜಿನಿಂದ ತುಸು ಮೇಲಿರುವುದನ್ನೂ ಸ್ಪಷ್ಟವಾಗಿ ಕಾಣುತ್ತದೆ. ಆಸೆಪಟ್ಟು ಕೊಂಡ ತೆಳ್ಳನೆಯ, ಗಾಜಿಗೆ ಅಂಟಿಕೊಂಡಂತೆ ಸೆನ್ಸರ್ ಇರುವ ಸಿಐಎಸ್ ಸ್ಕ್ಯಾನರ್‌ನಲ್ಲಿ ಮರದ ತೊಗಟೆ ಇಟ್ಟರೆ ಗಾಜಿಗೆ ತಾಗಿದ ಉಬ್ಬುಗಳಷ್ಟೇ ಸ್ಪಷ್ಟ, ಉಳಿದದ್ದೆಲ್ಲ ಮಂಜು.

ತುಕ್ಕು ಹಿಡಿದ ತಗಡನ್ನು ನೇರವಾಗಿ ಇಟ್ಟು ಗಾಜಿಗೆ ಗೀರು ಬೀಳಿಸಿಕೊಂಡ ಮೇಲೆ, ಒರಟು ವಸ್ತುಗಳ ಕೆಳಗೆ ಪಾರದರ್ಶಕ ಹಾಳೆ ಹಾಸುತ್ತೇನೆ. 600 ಡಿಪಿಐ, ಅಂದರೆ ಅಂಗುಲಕ್ಕೆ 600 ಚುಕ್ಕಿ, ಸಾಕು. ಎ4 ಅಳತೆಗೆ ಸುಮಾರು 4960 × 7016 ಪಿಕ್ಸೆಲ್ ಸಿಗುತ್ತದೆ. ತಂತಾನೇ ಬಣ್ಣ ತಿದ್ದುವ, ಚೂಪುಗೊಳಿಸುವ ಆಯ್ಕೆಗಳನ್ನು ಆಫ್ ಮಾಡಿ, ಚಿತ್ರದ ಗುಣ ಕೆಡದ ಟಿಫ್ ಕಡತವಾಗಿ ಉಳಿಸುತ್ತೇನೆ.

ನಿಜವಾದ ಪಾಠ ಕಲಿಸಿದ್ದು ಗೋಣಿ ಬಟ್ಟೆ. ತುಂಡು ದೊಡ್ಡದಿತ್ತು. ಅರ್ಧ ಸ್ಕ್ಯಾನ್ ಮಾಡಿ, ಇನ್ನರ್ಧವನ್ನು ತಿರುಗಿಸಿಟ್ಟು ಮಾಡಿ, ಕಂಪ್ಯೂಟರ್‌ನಲ್ಲಿ ನೆಟ್ಟಗೆ ಮಾಡಿ ಜೋಡಿಸಿದೆ. ಒಂದು ಅರ್ಧದಲ್ಲಿ ಎಳೆಗಳು ಉಬ್ಬಿದ್ದವು, ಇನ್ನೊಂದರಲ್ಲಿ ತಗ್ಗಿದ್ದವು! ಬಣ್ಣದ ದೋಷವೆಂದು ಅರ್ಧ ದಿನ ತಿಣುಕಾಡಿದೆ. ಕೊನೆಗೆ ಒಂದು ಅಂಗಿಗುಂಡಿಯನ್ನು ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿದಾಗ ಗುಟ್ಟು ರಟ್ಟಾಯಿತು: ನೆರಳು ಒಂದೇ ಕಡೆಗೆ ಬಿದ್ದಿತ್ತು. ದೀಪ ಇರುವುದು ಸೆನ್ಸರ್‌ನ ಒಂದು ಪಕ್ಕದಲ್ಲಿ ಮಾತ್ರ; ತಿರುಗಿಸಿಟ್ಟ ಅರ್ಧಕ್ಕೆ ಬೆಳಕು ಎದುರು ದಿಕ್ಕಿನಿಂದ ಬಿದ್ದಿತ್ತು.

ಅಲ್ಲಿಂದಾಚೆಗೆ ಆ ಓರೆ ಬೆಳಕನ್ನೇ ದುಡಿಸಿಕೊಳ್ಳುತ್ತಿದ್ದೇನೆ. ಬಟ್ಟೆಯನ್ನು ರಟ್ಟಿಗೆ ಅಂಟಿಸಿ, ರಟ್ಟಿನ ನಾಲ್ಕು ಮೂಲೆಗೂ ಕೂಡು ಗುರುತು ಹಾಕಿ, 90 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಸಲ ಸ್ಕ್ಯಾನ್ ಮಾಡುತ್ತೇನೆ. ಚಿತ್ರಗಳನ್ನು ಮತ್ತೆ ನೆಟ್ಟಗೆ ತಿರುಗಿಸಿ, ಗುರುತಿಗೆ ಗುರುತು ಕೂರಿಸುತ್ತೇನೆ. ಎದುರುಬದುರು ಬೆಳಕಿನ ಎರಡು ಚಿತ್ರಗಳ ವ್ಯತ್ಯಾಸದಿಂದ ಆ ದಿಕ್ಕಿನ ಇಳಿಜಾರು ತಿಳಿಯುತ್ತದೆ. ಎರಡು ಜೋಡಿ ಸೇರಿದರೆ ನಾರ್ಮಲ್ ಮ್ಯಾಪ್, ಅಂದರೆ ಮೇಲ್ಮೈ ಎಲ್ಲೆಲ್ಲಿ ಯಾವ ಕಡೆಗೆ ವಾಲಿದೆ ಎಂದು ತ್ರೀಡಿ ತಂತ್ರಾಂಶಕ್ಕೆ ಹೇಳುವ ಚಿತ್ರ. ನಾಲ್ಕರ ಸರಾಸರಿ ತೆಗೆದರೆ ನೆರಳು ಬಹುಪಾಲು ಅಳಿದ ಬಣ್ಣದ ಚಿತ್ರವೂ ಕೈಗೆ ಬರುತ್ತದೆ. ಎರಡೂ ಪಕ್ಕ ದೀಪವಿರುವ ಸ್ಕ್ಯಾನರ್‌ನಲ್ಲಿ ಈ ಆಟ ನಡೆಯದು, ಗುಂಡಿ ಇಟ್ಟು ನೋಡಿಯೇ ಶುರುಮಾಡಬೇಕು.

ಮಾದರಿಯ ಮೇಲೆ ಒಂದೇ ಚಿತ್ರ ಮತ್ತೆ ಮತ್ತೆ ಸಾಲಾಗಿ ಬರುವುದರಿಂದ ಅಂಚುಗಳು ಕೂಡಬೇಕು. ಅದನ್ನು ಕೂಡಿಸುವುದು ಸುಲಭ: ಒಂದು ಬದಿಯಿಂದ ಹೊರಹೋದದ್ದು ಇನ್ನೊಂದು ಬದಿಯಿಂದ ಒಳಬರುವಂತೆ ಚಿತ್ರವನ್ನು ಅರ್ಧಕ್ಕೆ ಸರಿಸಿದರೆ ಅಂಚುಗಳು ನಡುವೆ ಬಂದು ಸೇರುತ್ತವೆ, ಅಲ್ಲಿ ಒರೆಸಿ ಬೆಸೆಯಬಹುದು. ಆದರೂ ಗೋಣಿಯ ಒಂದು ದಪ್ಪ ಗಂಟು ನನ್ನ ಕಣ್ಣು ತಪ್ಪಿಸಿತ್ತು. ಮಾದರಿಗೆ ಹೊದಿಸಿದ ಮೇಲೆ ನೋಡಿದರೆ ಅದೇ ಗಂಟು, ಅಳೆದು ಹೊಲಿದ ಗುಂಡಿಗಳಂತೆ ಸಾಲಾಗಿ ಕೂತಿತ್ತು.